ಮತ್ತೆ ಹಸುಗೂಸಾಗುವ ದೇಹ

ರಕ್ತದ ಕ್ಯಾನ್ಸರಿಗೆ ಕಸಿ ಮಾಡಿಸಿಕೊಂಡ ಹುಡುಗ ಆಸ್ಪತ್ರೆಯಿಂದ ಮನೆಗೆ ಬಂದನೆಂದರೆ ನೆಂಟರಿಷ್ಟರು ಹಣ್ಣು ಹಿಡಿದು ನೋಡಲು ಹೊರಡುತ್ತಾರೆ. 'ಸದ್ಯ, ಗಂಡಾಂತರ ಕಳೆಯಿತು' ಎನ್ನುತ್ತಾರೆ. ವೈದ್ಯರು ಮಾತ್ರ ಜನ ಸೇರಿಸಬೇಡಿ ಎಂದಿರುತ್ತಾರೆ. ಏಕೆ?

ಕಸಿ ಎಂದೊಡನೆ ದೊಡ್ಡ ಶಸ್ತ್ರಚಿಕಿತ್ಸೆ ಎಂದು ಭಾವಿಸಬೇಡಿ. ಮೊದಲು ತೀವ್ರ ಔಷಧಗಳಿಂದ, ಕೆಲವೊಮ್ಮೆ ವಿಕಿರಣದಿಂದಲೂ, ರೋಗಿಯ ಅಸ್ಥಿಮಜ್ಜೆಯನ್ನು ಬರಿದು ಮಾಡುತ್ತಾರೆ. ಬಳಿಕ ದಾನಿಯ ಆಕರಕೋಶಗಳನ್ನು, ಅಂದರೆ ಎಲ್ಲ ರಕ್ತಕಣಗಳಿಗೂ ತಾಯಿಯಾದ ಸ್ಟೆಮ್ ಸೆಲ್‌ಗಳನ್ನು, ರಕ್ತ ಕೊಡುವಂತೆಯೇ ನಾಳದೊಳಕ್ಕೆ ಹರಿಸುತ್ತಾರೆ. ಅವು ತಾವಾಗಿಯೇ ಮೂಳೆಯೊಳಗಿನ ಮಜ್ಜೆಯನ್ನು ಹುಡುಕಿಕೊಂಡು ಹೋಗಿ ನೆಲೆಯೂರುತ್ತವೆ! ಈ ವಿಧಾನಕ್ಕೆ ಬುನಾದಿ ಹಾಕಿದ ಅಮೆರಿಕದ ಡಾ. ಡೊನಾಲ್ ಥಾಮಸ್ 1990ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ನಮ್ಮ ದೇಶದಲ್ಲಿ ಇದು 1983ರಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು.

ಬ್ಯಾಕ್ಟೀರಿಯಾಗಳನ್ನು ನುಂಗುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು 2ರಿಂದ 4 ವಾರಗಳಲ್ಲಿ ಮರಳುತ್ತವೆ. ರೋಗಿಯನ್ನು ಮನೆಗೆ ಕಳುಹಿಸುವ ಮುನ್ನ ಇವುಗಳ ಲೆಕ್ಕ ನೋಡುತ್ತಾರೆ. ಆದರೆ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಟಿ ಕೋಶಗಳದಂತೂ ಬಲು ನಿಧಾನ. ಅವುಗಳ ಮೂಲ ಮಜ್ಜೆಯಾದರೂ 'ಶಾಲೆ' ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿ. ನಮ್ಮವರಾರು, ಹೊರಗಿನವರಾರು ಎಂಬ ಪಾಠವನ್ನು ಅಲ್ಲೇ ಕಲಿಯಬೇಕು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕೋಶಗಳು ಪರೀಕ್ಷೆಯಲ್ಲಿ ನಪಾಸಾಗಿ ಅಲ್ಲಿಯೇ ಸಾಯುತ್ತವೆ. ನಮ್ಮ ಎಸ್ಸೆಸ್ಸೆಲ್ಸಿ ಎಷ್ಟೋ ವಾಸಿ! ವಯಸ್ಸಾದಂತೆ ಈ ಗ್ರಂಥಿ ಕುಗ್ಗುತ್ತದೆ. ಆದ್ದರಿಂದಲೇ ಮಕ್ಕಳು ಬೇಗ ಚೇತರಿಸಿಕೊಂಡರೆ ದೊಡ್ಡವರಿಗೆ ವರ್ಷ, ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ.

ಇನ್ನೊಂದು ತೊಡಕುಂಟು. ದಾನಿಯ ಕೋಶಗಳು ರೋಗಿಯ ದೇಹವನ್ನೇ ಪರಕೀಯವೆಂದು ಬಗೆದು ದಾಳಿ ಮಾಡಬಹುದು. ಅಳಿದುಳಿದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದೂ ಇದೇ ಸ್ವಭಾವ. ಹಾಗಾಗಿ ಅದನ್ನು ಹದದಲ್ಲಿ ಇಡಬೇಕು. ಅದಕ್ಕೆಂದು ಕೊಡುವ ಔಷಧ ರೋಗನಿರೋಧಕ ಶಕ್ತಿಯನ್ನು ಮತ್ತಷ್ಟು ಕುಗ್ಗಿಸುತ್ತದೆ.

ಎಳವೆಯಲ್ಲಿ ಹಾಕಿಸಿದ ಲಸಿಕೆಗಳ 'ನೆನಪೂ' ಹಳೆಯ ಮಜ್ಜೆಯೊಂದಿಗೆ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಹತ್ತನೆಯ ತರಗತಿಯವನಿಗೂ ಧನುರ್ವಾಯು, ಗಂಟಲಮಾರಿ, ಪೋಲಿಯೋ ಲಸಿಕೆಗಳನ್ನು ಮೊದಲಿನಿಂದ ಕೊಡಬೇಕು. ಕಸಿಯಾದ 6ರಿಂದ 12 ತಿಂಗಳಲ್ಲಿ ಇವು ಶುರುವಾಗುತ್ತವೆ. ದಡಾರದ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಅದನ್ನು ಸಾಮಾನ್ಯವಾಗಿ ಎರಡು ವರ್ಷ ತುಂಬುವವರೆಗೆ ಕೊಡುವಂತಿಲ್ಲ.

ಅಲ್ಲಿಯವರೆಗೆ ಅವನ ರಕ್ಷಣೆ ಸುತ್ತಲಿನವರು ಹಾಕಿಸಿಕೊಂಡ ಲಸಿಕೆಯಲ್ಲಿದೆ. ತರಗತಿಯಲ್ಲಿ ಯಾರಿಗಾದರೂ ದಡಾರ ಅಥವಾ ಸೀತಾಳೆ ಸಿಡುಬು ಎದ್ದರೆ ಅಂದೇ ಅವನ ಮನೆಗೆ ಹೇಳಿಕಳುಹಿಸಿ. ಸೋಂಕು ತಗುಲಿದ ಮೊದಲ ಕೆಲವು ದಿನಗಳಲ್ಲಿ ಕೊಟ್ಟರಷ್ಟೇ ಚೆನ್ನಾಗಿ ಫಲಿಸುವ ಪ್ರತಿಕಾಯದ ಚುಚ್ಚುಮದ್ದುಗಳಿವೆ.