ಹಳೇ ತಾಮ್ರದ ನಾಣ್ಯಕ್ಕೆ ಹೊಸ ಬಣ್ಣ

ಬ್ಯಾಡಗಿ ಮೆಣಸಿನಕಾಯಿಗೆ ರೇಟು ಕಟ್ಟೋದು ಕೆಂಪು ನೋಡಿ. ಹಳೇ ತಾಮ್ರದ ನಾಣ್ಯಕ್ಕೂ ಬಣ್ಣ ಮುಖ್ಯ, ಆದ್ರೆ ಅಲ್ಲಿ ಬೇಕಾಗೋದು ಕಂದು. ಗಾಳಿ, ತೇವ ತಾಗಿ ವರ್ಷಗಟ್ಟಲೆ ಕೂತ ಪದರ ಅದು.

ಹಾವೇರಿ, ರಾಣೆಬೆನ್ನೂರು ಕಡೆ ನಿಮ್ಮ ಮನೆ ಜಗಲಿ ಮೇಲೆ 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ ಇದ್ರೆ, ಹಬ್ಬಕ್ಕೆ ತಂಬಿಗೆ ಜೊತೆ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಬೇಡ್ರಿ. ಹುಳಿ ಆ ಪದರವನ್ನ ಕರಗಿಸುತ್ತೆ. ಫಳಫಳ ಹೊಳೆಯೋ ನಾಣ್ಯವನ್ನ ಸಂಗ್ರಾಹಕರು ಕಡಿಮೆಗೆ ಕೇಳ್ತಾರೆ.

ಅದನ್ನ ಮುಚ್ಚೋಕೆ ಕೆಲವರು ಗಂಧಕ ಬೆರೆತ ರಾಸಾಯನಿಕ ಹಚ್ಚಿ ಮತ್ತೆ ಕಪ್ಪು ಮಾಡಿ ಮಾರ್ತಾರೆ. ಗುರುತು ಹೇಗೆ? ಕೈ ತಾಗಿ ಸವೆದ ಉಬ್ಬು ಭಾಗ ತಿಳಿಯಾಗಿ, ತಗ್ಗು ಗಾಢವಾಗಿ ಇರೋದು ಸಹಜ. ಎಲ್ಲಾ ಕಡೆ ಒಂದೇ ಸಮ ಬಳಿದಂಗಿದ್ರೆ ದುಡ್ಡು ಕೊಡೋ ಮುಂಚೆ ಅನುಮಾನ ಪಡ್ರಿ.