ಹಳೆ ಕಾರಿಗೆ ಬೇರೆ ಎಂಜಿನ್: ಬಾನೆಟ್ ತೆರೆಯುವ ಮೊದಲು ಆರ್‌ಸಿ ತೆರೆಯಿರಿ

ಹಳೆ ಪದ್ಮಿನಿ, ಅಂಬಾಸಿಡರ್, ಜಿಪ್ಸಿ, ಜೀಪುಗಳ ಮೇಲೆ ನಮ್ಮ ಕರಾವಳಿಯ ಹುಡುಗರಿಗೆ ಇರುವ ಮೋಹ ಇವತ್ತಿನದಲ್ಲ. ಮನೆಯಂಗಳದಲ್ಲಿ ಟರ್ಪಾಲು ಹೊದ್ದು ನಿಂತಿರುವ ಅಜ್ಜನ ಕಾಲದ ಗಾಡಿ ಇರಬಹುದು, ಘಟ್ಟದ ಮೇಲೆ ಯಾರೋ ಮಾರಾಟಕ್ಕಿಟ್ಟ ಗಾಡಿಯೂ ಇರಬಹುದು. ನೋಡಿದವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ಬಾಡಿ ಗಟ್ಟಿ ಇದೆ, ಎಂಜಿನ್ ಒಂದು ಬೇರೆ ಕೂರಿಸಿದರೆ ಆಯಿತು." ಅಷ್ಟು ಸುಲಭಕ್ಕೆ ಆಗುವ ಕೆಲಸ ಅದಲ್ಲ. ಗಲ್ಫ್‌ನಿಂದ ಕಳುಹಿಸಿದ ದುಡ್ಡು, ಅಂಗಡಿಯ ಉಳಿತಾಯ ಎಲ್ಲ ಸುರಿದ ಮೇಲೆ ಗಾಡಿ ಓಡಬಹುದು, ಆದರೆ ರಸ್ತೆಗೆ ಇಳಿಸಲು ಕಾನೂನು ಬಿಡಲಿಕ್ಕಿಲ್ಲ. ಹಾಗಾಗದಿರಲು ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ತಿಳಿದಿರಬೇಕು.

ಈ ಕೆಲಸದ ಎಲ್ಲ ಮಗ್ಗುಲನ್ನೂ ಒಂದೇ ಕಡೆ ನೋಡಲು ಕೊಲ್ಲಾಪುರದ ಸುತ್ತಮುತ್ತಲಿನ ಊರುಗಳು ಒಳ್ಳೆಯ ಜಾಗ.

ಕೊಲ್ಲಾಪುರ ಯಾಕೆ?

ಬೆಳಗಾವಿಯಿಂದ ಪುಣೆ ಹೆದ್ದಾರಿಯಲ್ಲಿ ಸುಮಾರು 110 ಕಿ.ಮೀ. ಹೋದರೆ ಕೊಲ್ಲಾಪುರ. ನಮಗೆ ಅದು ಚಪ್ಪಲಿಯ, ಬೆಲ್ಲದ ಊರು. ಆದರೆ ಅದು ಕಬ್ಬಿಣ ಎರಕದ ಊರೂ ಹೌದು. ಕಬ್ಬಿನ ಗದ್ದೆಗೆ ನೀರೆತ್ತುವ ಆಯಿಲ್ ಎಂಜಿನ್‌ಗಳ ತಯಾರಿಕೆ, ರಿಪೇರಿಯ ಜೊತೆಗೇ ಇಲ್ಲಿನ ಫೌಂಡ್ರಿಗಳು ಬೆಳೆದವು. ಶಿವಾಜಿ ಉದ್ಯಮನಗರದ ಗಲ್ಲಿಗಳಲ್ಲಿ ಲೇತ್, ಬೋರಿಂಗ್, ಗ್ರೈಂಡಿಂಗ್ ಕೆಲಸದ ಸಣ್ಣ ಸಣ್ಣ ಶೆಡ್‌ಗಳಿವೆ. ಊರ ಹೊರಗೆ ಶಿರೋಲಿ, ಗೋಕುಲ ಶಿರಗಾಂವ್ ಕೈಗಾರಿಕಾ ಪ್ರದೇಶಗಳಿವೆ. ಪಿಸ್ಟನ್ ತಯಾರಿಸುವ ಮೆನನ್ ಪಿಸ್ಟನ್ಸ್ ಇಲ್ಲಿಯದೇ ಕಂಪೆನಿ. ಕಾಗಲ್‌ನಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಾರ್ಖಾನೆ ಇದೆ.

ಅಲ್ಲಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ ಇಚಲಕರಂಜಿ. 1904ರಲ್ಲಿ ಮೊದಲ ಪವರ್‌ಲೂಮ್ ಬಂದ ಮೇಲೆ ಇದು ನೇಕಾರಿಕೆಯ ಪಟ್ಟಣವಾಯಿತು. ಹಗಲೂ ರಾತ್ರಿ ಓಡುವ ಮಗ್ಗಗಳಿಗೆ ಬಿಡಿಭಾಗ ಬೇಕು, ಅದಕ್ಕೆ ಲೇತ್ ಮತ್ತು ವೆಲ್ಡಿಂಗ್ ಗೊತ್ತಿರುವ ಕೈಗಳೂ ಬೇಕು. ದಕ್ಷಿಣಕ್ಕೆ, ಕರ್ನಾಟಕದ ಗಡಿಗೆ ತಾಗಿಕೊಂಡು ಹಿರಣ್ಯಕೇಶಿ ನದಿಯ ದಡದಲ್ಲಿ ಗಡಹಿಂಗ್ಲಜ್. ಸಂಕೇಶ್ವರದಿಂದ ಅರ್ಧ ಗಂಟೆಯ ದಾರಿಯೂ ಇಲ್ಲ. ಮರಾಠಿಯ ಜೊತೆ ಕನ್ನಡವೂ ನಡೆಯುವ ಊರಾದ್ದರಿಂದ ನಮ್ಮವರಿಗೆ ವ್ಯವಹಾರ ಸಲೀಸು.

ಇಂಥ ಕಡೆ ಕೆಲಸ ಬಲ್ಲವರು ಸಿಗುತ್ತಾರೆ ಎಂಬುದು ನಿಜ. ಆದರೆ ಕೆಲಸ ಬಲ್ಲವರು ಸಿಕ್ಕರೆ ಮಾತ್ರ ಸಾಲದು.

ಮೊದಲ ಕೆಲಸ ಕಾಗದದ್ದು

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾಲಕ ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಸೇರಿತು: ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂ. ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ಹಾಗಾದರೆ ಎಂಜಿನ್ ಬದಲಿಸಲೇಬಾರದೇ? ಮೂರು ಸಂದರ್ಭಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಒಂದು, ಹಳೆ ಎಂಜಿನ್ ಕೆಟ್ಟಿದೆ, ಅದೇ ಕಂಪೆನಿಯ, ಅದೇ ಮಾದರಿಯ, ಅದೇ ಇಂಧನದ ಇನ್ನೊಂದು ಎಂಜಿನ್ ಹಾಕಬೇಕು. ಇದಕ್ಕೆ ದಾರಿ ಇದೆ. ಗಾಡಿ ನೋಂದಣಿಯಾದ ಆರ್‌ಟಿಒದಲ್ಲಿ ಮೊದಲೇ ಅನುಮತಿ ಪಡೆದು, ಆಮೇಲೆ ಹೊಸ ಎಂಜಿನ್ ನಂಬ್ರವನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು.

ಎರಡು, ಪೆಟ್ರೋಲ್ ಗಾಡಿಯನ್ನು ಸಿಎನ್‌ಜಿ, ಎಲ್‌ಪಿಜಿ ಅಥವಾ ಬ್ಯಾಟರಿಗೆ ಬದಲಿಸುವುದು. ಕಾಯ್ದೆಯೇ ಇದಕ್ಕೆ ಅವಕಾಶ ಕೊಟ್ಟಿದೆ. ಆದರೆ ಪುಣೆಯ ಎಆರ್‌ಎಐಯಂತಹ ಸಂಸ್ಥೆ ಪರೀಕ್ಷಿಸಿ ಒಪ್ಪಿದ ಕಿಟ್ ಮಾತ್ರ ನಡೆಯುತ್ತದೆ.

ಮೂರು, ಪದ್ಮಿನಿಗೆ ಬೇರೆ ಕಂಪೆನಿಯ ಡೀಸೆಲ್, ಜಿಪ್ಸಿಗೆ ಇನ್ಯಾವುದೋ ಟರ್ಬೊ. ಹೆಚ್ಚಿನ ಹುಡುಗರ ಕನಸು ಇದೇ, ಕಾನೂನು ತಡೆಯುವುದೂ ಇದನ್ನೇ. "ಎಲ್ಲರೂ ಮಾಡುತ್ತಾರೆ, ಆಮೇಲೆ ಮಾಡಿಸಿಕೊಳ್ಳೋಣ" ಎನ್ನುವ ಏಜೆಂಟರ ಮಾತು ನಂಬಿ ದುಡ್ಡು ಹಾಕಬೇಡಿ. ಯಾವುದೇ ಬದಲಾವಣೆಗೆ ಆರ್‌ಟಿಒ ಒಪ್ಪುತ್ತದೆಯೋ ಇಲ್ಲವೋ ಎಂಬುದನ್ನು ಬರಹದಲ್ಲಿ ಪಡೆದ ಮೇಲೆಯೇ ಸ್ಪ್ಯಾನರ್ ಹಿಡಿಯಬೇಕು.

ಇನ್ಶೂರೆನ್ಸ್ ಇನ್ನೊಂದು ಸಂಗತಿ. ಎಂಜಿನ್ ಬದಲಿಸಿದ್ದನ್ನು ಕಂಪೆನಿಗೆ ತಿಳಿಸದಿದ್ದರೆ ಅಪಘಾತದ ಹೊತ್ತಿಗೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಕಾರಣ ಸಿಕ್ಕಿದಂತೆ. ಗಾಡಿಯ ನಷ್ಟ ಹೇಗಾದರೂ ಸಹಿಸಬಹುದು. ಎದುರಿನವರಿಗೆ ಪೆಟ್ಟಾಗಿ ಪರಿಹಾರದ ಹೊರೆ ಮನೆಯವರ ತಲೆಗೆ ಬಂದರೆ ಕಷ್ಟ. ಗಾಡಿಯ ಮೇಲೆ ಸಾಲವಿದ್ದರೆ ಫೈನಾನ್ಸ್‌ನವರ ಲಿಖಿತ ಒಪ್ಪಿಗೆಯೂ ಬೇಕು.

ಗಾಡಿ ಕೊಳ್ಳುವಾಗ, ಎಂಜಿನ್ ಕೊಳ್ಳುವಾಗ

ಕೊಲ್ಲಾಪುರದ ಗಾಡಿಗೆ ಎಂಎಚ್ 09 ನಂಬ್ರ. ಅದನ್ನು ಮಂಗಳೂರಿಗೋ ಪುತ್ತೂರಿಗೋ ತಂದು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಇಲ್ಲಿನ ನೋಂದಣಿ ಮಾಡಿಸಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದ ಎನ್‌ಒಸಿ, ಅಂದರೆ ಫಾರ್ಮ್ 28 ಬೇಕು. ಎಂಜಿನ್ ನಂಬ್ರ ಬದಲಾಗಿದ್ದರೆ ಎನ್‌ಒಸಿಗೆ ಮೊದಲೇ ಅಲ್ಲಿನ ದಾಖಲೆಯಲ್ಲಿ ಸರಿಯಾಗಿರಲಿ. ಇಲ್ಲಿಗೆ ಬಂದ ಮೇಲೆ ನಂಬ್ರ ತಾಳೆಯಾಗದಿದ್ದರೆ ಎರಡು ರಾಜ್ಯಗಳ ನಡುವೆ ಓಡಾಡುವವರು ನೀವೇ.

ಖಾಸಗಿ ಕಾರಿನ ಆರ್‌ಸಿಗೆ 15 ವರ್ಷದ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂ. ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂ.ಗೆ ಏರಿಸಿದರು. ಹಸಿರು ತೆರಿಗೆ ಬೇರೆ. ಈ ಖರ್ಚನ್ನು ಗಾಡಿಯ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಬೇಕು.

50 ವರ್ಷ ದಾಟಿದ ಗಾಡಿಯಾದರೆ ಇನ್ನೂ ಎಚ್ಚರ ಬೇಕು. 2021ರ ನಿಯಮದಂತೆ ಅದನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಬೇರೆ ಎಂಜಿನ್ ಕೂರಿಸಿದರೆ ಆ ಅರ್ಹತೆಯನ್ನು ನಾವೇ ಕೈಯಾರೆ ಕಳೆದುಕೊಂಡಂತೆ.

ಇನ್ನು ಎಂಜಿನ್. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರುವ ಎಂಜಿನ್ ಕಳವಿನ ಗಾಡಿಯದ್ದಾಗಿದ್ದರೆ? ಎಂಜಿನ್ ನಂಬ್ರ ಬರೆದ ಜಿಎಸ್‌ಟಿ ಬಿಲ್, ಅದು ಯಾವ ಗಾಡಿಯಿಂದ ಬಂತೋ ಅದರ ಆರ್‌ಸಿ ಪ್ರತಿ, ಆ ಗಾಡಿಯ ನೋಂದಣಿ ರದ್ದಾಗಿರುವ ದಾಖಲೆ, ಈ ಮೂರನ್ನೂ ಕೇಳಿ ಪಡೆಯಿರಿ. ಎಂಜಿನ್ ಮತ್ತು ಚಾಸಿಸ್ ನಂಬ್ರದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ದಾಖಲೆಯ ಜೊತೆ ಹೋಲಿಸಿ. ನಂಬ್ರ ಇರುವ ಜಾಗದಲ್ಲಿ ಗ್ರೈಂಡರ್ ಗುರುತು ಕಂಡರೆ ಆ ವ್ಯಾಪಾರ ಬಿಟ್ಟುಬಿಡಿ.

ಬಾಡಿ ಪರೀಕ್ಷೆ

ಕಾಗದ ಸರಿಯಾದ ಮೇಲೆ ಗಾಡಿಯ ಸರದಿ. ಪದ್ಮಿನಿ, ಅಂಬಾಸಿಡರ್‌ಗಳಿಗೆ ಜೀಪಿನ ಹಾಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಡಿಯ ತಗಡೇ ಎಂಜಿನ್ನಿನ ಭಾರ ಹೊರುತ್ತದೆ. ಮೌಂಟ್ ಕೂರುವ ಜಾಗ, ಸಸ್ಪೆನ್ಷನ್ ಹಿಡಿದಿರುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ನೆಲ ಇವುಗಳನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಬೇಕು. ಒತ್ತಿದಲ್ಲಿ ಒಳಗೆ ಹೋದರೆ ಅದು ತುಕ್ಕು. ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತ ಗಾಡಿಗೆ ಈ ಪರೀಕ್ಷೆ ಕಡ್ಡಾಯ. ಪುಟ್ಟಿ ಹಚ್ಚಿ ಪೇಂಟ್ ಹೊಡೆದರೆ ಕಣ್ಣಿಗೆ ಚೆಂದ, ಎಂಜಿನ್ ಭಾರಕ್ಕೆ ಅದು ತಡೆಯುವುದಿಲ್ಲ. ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು. ಟಿಂಕರಿಂಗ್ ಮುಗಿದ ಮೇಲೆ ಎಂಜಿನ್ ಕೆಲಸ, ಪೇಂಟ್ ಕೊನೆಗೆ.

ಬಿಚ್ಚುವ ಮೊದಲು ಪ್ರತಿ ವಯರ್, ಪೈಪ್, ಬ್ರಾಕೆಟ್ಟಿನ ಫೋಟೊ ತೆಗೆಯಿರಿ. ವಯರಿಗೆ ಚೀಟಿ ಅಂಟಿಸಿ. ಬೋಲ್ಟುಗಳನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ ಮೇಲೆ ಹೆಸರು ಬರೆಯಿರಿ. ಆರು ತಿಂಗಳ ನಂತರ ಯಾವ ಮೆಕ್ಯಾನಿಕ್‌ಗೂ ಇದು ನೆನಪಿರುವುದಿಲ್ಲ.

ಎಂಜಿನ್ ಜೊತೆ ಏನೆಲ್ಲ ಬದಲಾಗುತ್ತದೆ?

ಇದಕ್ಕೆ ಕಂಪೆನಿಗಳೇ ಪಾಠ ಹೇಳಿವೆ. ಹಿಂದೂಸ್ತಾನ್ ಕಾಂಟೆಸಾ 1980ರ ದಶಕದಲ್ಲಿ ಬಂದಾಗ ಅದರಲ್ಲಿದ್ದದ್ದು ಅಂಬಾಸಿಡರ್‌ನ 1.5 ಲೀಟರ್ ಎಂಜಿನ್. ಅಷ್ಟು ದೊಡ್ಡ ಬಾಡಿಗೆ ಶಕ್ತಿ ಸಾಲಲಿಲ್ಲ. ಆಮೇಲೆ ಇಸುಜು 1.8 ಲೀಟರ್ ಎಂಜಿನ್ ಬಂತು, ಅದರ ಜೊತೆ ಐದು ಗೇರಿನ ಬಾಕ್ಸ್ ಕೂಡ ಬಂತು. ಪ್ರೀಮಿಯರ್ 118 ಎನ್‌ಇಯಲ್ಲಿ ಬಾಡಿ ಫಿಯೆಟ್ ವಂಶದ್ದು, ಎಂಜಿನ್ ಮತ್ತು ಗೇರ್‌ಬಾಕ್ಸ್ ನಿಸ್ಸಾನ್‌ದು. ಕಾರ್ಖಾನೆಯವರೂ ಎಂಜಿನ್ ಒಂದನ್ನೇ ತಂದು ಕೂರಿಸಲಿಲ್ಲ.

ತೂಕ ಹೆಚ್ಚಾದರೆ ಮುಂದಿನ ಸ್ಪ್ರಿಂಗ್ ಕುಸಿಯುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ. ವೇಗ ಹೆಚ್ಚಾದರೆ ಬ್ರೇಕ್ ಸಾಲದು. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಎಂಬುದು ನೆನಪಿರಲಿ. ಹಿಂದಿನ ಆಕ್ಸಲ್‌ನ ಗೇರ್ ಅನುಪಾತ ಕೂಡ ಲೆಕ್ಕಕ್ಕೆ ಬರುತ್ತದೆ. ಉದಾಹರಣೆಗೆ, ಟಾಪ್ ಗೇರ್ ನೇರ, ಆಕ್ಸಲ್ ಅನುಪಾತ 4.3, ಟಯರಿನ ಸುತ್ತಳತೆ 1.9 ಮೀಟರ್ ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಗಾಡಿಯ ವೇಗ ಗಂಟೆಗೆ ಸುಮಾರು 106 ಕಿ.ಮೀ. ಅದೇ ಗಾಡಿಗೆ 3,000 ಸುತ್ತಿನಲ್ಲಿ ಹಾಯಾಗಿರುವ ಹಳೆ ಡೀಸೆಲ್ ಹಾಕಿದರೆ 80ಕ್ಕೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಓಡಿಸಿದರೆ ಎಂಜಿನ್ ಕೂಗುತ್ತದೆ ಅಷ್ಟೇ.

ಕಾರ್ಬೊರೇಟರ್ ಗಾಡಿಯ ಪೆಟ್ರೋಲ್ ಪಂಪ್ ಕೊಡುವ ಒತ್ತಡ ಸುಮಾರು 0.3 ಬಾರ್. ಎಂಪಿಎಫ್‌ಐ ಎಂಜಿನ್‌ಗೆ ಸುಮಾರು 3 ಬಾರ್ ಬೇಕು. ಹತ್ತು ಪಟ್ಟು ಒತ್ತಡಕ್ಕೆ ಹಳೆ ರಬ್ಬರ್ ಪೈಪ್ ಒಡೆದರೆ ಬೆಂಕಿಯೇ ಗತಿ. ಪಂಪ್, ಪೈಪ್, ಕ್ಲ್ಯಾಂಪ್ ಎಲ್ಲವೂ ಬದಲಾಗಬೇಕು. ಅಂಥ ಎಂಜಿನ್ ತರುವಾಗ ಇಸಿಯು, ವಯರಿಂಗ್, ಸೆನ್ಸರ್, ಇಮೊಬಿಲೈಸರ್ ಇದ್ದರೆ ಅದಕ್ಕೆ ಹೊಂದುವ ಕೀ, ಎಲ್ಲ ಒಂದೇ ಗಾಡಿಯದ್ದಾಗಿರಲಿ. ಎಂಜಿನ್ ಮಾತ್ರ ತಂದರೆ ಅದು ಸ್ಟಾರ್ಟ್ ಕೂಡ ಆಗುವುದಿಲ್ಲ.

ರೇಡಿಯೇಟರ್ ಸಾಲುತ್ತದೆಯೋ ಇಲ್ಲವೋ ಎಂಬುದು ಊರೊಳಗೆ ಗೊತ್ತಾಗುವುದಿಲ್ಲ. ಗಡಹಿಂಗ್ಲಜ್‌ನಿಂದ ಆಜರಾ ದಾಟಿ ಅಂಬೋಲಿ ಘಾಟಿ ಇಳಿದು ಹತ್ತಿದರೆ ಅಥವಾ ನಮ್ಮ ಕಡೆ ಚಾರ್ಮಾಡಿ ಹತ್ತಿದರೆ ಗೊತ್ತಾಗುತ್ತದೆ.

ಇರುವ ಎಂಜಿನ್‌ಗೆ ಒಂದು ಅವಕಾಶ

ಇಷ್ಟೆಲ್ಲ ಲೆಕ್ಕ ಹಾಕಿದಾಗ ಬಹಳ ಸಲ ಕಾಣುವುದು, ಹಳೆ ಎಂಜಿನ್ನನ್ನೇ ಸರಿ ಮಾಡಿಸುವುದು ಲಾಭ ಎಂಬುದು. ನಂಬ್ರ ಬದಲಾಗುವುದಿಲ್ಲ, ಅನುಮತಿಯ ತಲೆಬಿಸಿ ಇಲ್ಲ, ಬ್ರೇಕ್ ಮತ್ತು ಆಕ್ಸಲ್ ಮುಟ್ಟಬೇಕಾಗಿಲ್ಲ.

ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರಿನಲ್ಲಿ ಒತ್ತಡ ತೀರಾ ಕಡಿಮೆ ಇದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ತೊಂದರೆ ಪಿಸ್ಟನ್ ರಿಂಗ್ ಅಥವಾ ಬೋರ್‌ನದ್ದು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಬೇಕು. ಬೋರ್ ಸವೆದಿದ್ದರೆ 0.25 ಅಥವಾ 0.50 ಮಿ.ಮೀ. ದೊಡ್ಡ ಪಿಸ್ಟನ್‌ಗೆ ಕೊರೆಯಬಹುದು. ಮಿತಿ ದಾಟಿದ್ದರೆ ಹೊಸ ಸ್ಲೀವ್ ಹಾಕಬಹುದು. ಕ್ರ್ಯಾಂಕ್‌ಶಾಫ್ಟ್ ಗ್ರೈಂಡಿಂಗ್, ಹೆಡ್ ಫೇಸಿಂಗ್, ವಾಲ್ವ್ ಸೀಟ್ ಕೆಲಸ, ಇದೆಲ್ಲ ಉದ್ಯಮನಗರದಂಥ ಕಡೆ ದಿನನಿತ್ಯದ ಕೆಲಸ. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಮಾಡಿಸಿ. ಅಳತೆ ಪಿಸ್ಟನ್‌ನಿಂದ ತೆಗೆಯಬೇಕೇ ಹೊರತು ಅಂದಾಜಿನಿಂದಲ್ಲ.

ಲೆಕ್ಕದ ಪುಸ್ತಕ

ಕೆಲಸ ಶುರುವಾಗುವ ಮೊದಲು ಎರಡು ಪಟ್ಟಿ ಬರೆಯಿರಿ. ಒಂದರಲ್ಲಿ ಹಳೆ ಎಂಜಿನ್ ರಿಪೇರಿಯ ಖರ್ಚು. ಇನ್ನೊಂದರಲ್ಲಿ ಬೇರೆ ಎಂಜಿನ್, ಗೇರ್‌ಬಾಕ್ಸ್, ಮೌಂಟ್, ಶಾಫ್ಟ್, ಬ್ರೇಕ್, ರೇಡಿಯೇಟರ್, ವಯರಿಂಗ್, ಸೈಲೆನ್ಸರ್, ಆರ್‌ಟಿಒ, ಸಾಗಾಟ ಎಲ್ಲವೂ. ಎರಡಕ್ಕೂ ಕಾಲು ಭಾಗ ಹೆಚ್ಚುವರಿ ಸೇರಿಸಿ. ಗ್ಯಾರೇಜಿಗೆ ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ಬಿಚ್ಚಿದ ಮೇಲೆ ಇಷ್ಟು, ಟಿಂಕರಿಂಗ್ ಮುಗಿದ ಮೇಲೆ ಇಷ್ಟು, ಸ್ಟಾರ್ಟ್ ಆದ ಮೇಲೆ ಇಷ್ಟು, ನೂರು ಕಿ.ಮೀ. ಓಡಿಸಿ ನೋಡಿದ ಮೇಲೆ ಉಳಿದದ್ದು ಎಂದು ಮೊದಲೇ ಬರೆದು ಇಬ್ಬರೂ ಸಹಿ ಹಾಕಿ. ಪ್ರತಿ ಬಿಡಿಭಾಗದ ಬಿಲ್ ಕೇಳಿ. ಬಿಚ್ಚಿದ ಹಳೆ ಸಾಮಾನನ್ನೂ ವಾಪಸ್ ತನ್ನಿ.

ಬಿಲ್ಲು, ಅನುಮತಿ ಪತ್ರ, ನಂಬ್ರದ ಅಚ್ಚು, ಫೋಟೊ ಎಲ್ಲ ಒಂದೇ ಫೈಲಿನಲ್ಲಿ ಇರಲಿ. ನಾಳೆ ಗಾಡಿ ಮಾರುವಾಗ, ಪೊಲೀಸರು ನಿಲ್ಲಿಸಿದಾಗ, ಕ್ಲೇಮ್‌ಗೆ ಅರ್ಜಿ ಹಾಕುವಾಗ ಆ ಫೈಲು ಕೈಯಲ್ಲಿರಬೇಕು.