ಬಾಯಿಗೆ ಮೀರಿದ ನಾಲಗೆ

ಹೊಳೆಹೊನ್ನೂರಿನಂತಹ ನಮ್ಮ ಭದ್ರಾತೀರದ ಊರುಗಳಲ್ಲಿ ಕೂಸಿಗೆ ಮಾತು ತಡವಾದರೆ ಬಜೆಯನ್ನು ತೇಯ್ದು ನಾಲಗೆಗೆ ಸವರುವ ವಾಡಿಕೆಯುಂಟು. ಆದರೆ ನಾಲಗೆಯೇ ಬಾಯಿಯಲ್ಲಿ ಅಡಗದಷ್ಟು ದಪ್ಪನಾಗಿ ಸದಾ ಹೊರಚಾಚಿದ್ದರೆ, ಅದು ಬಜೆಯಿಂದ ನೀಗುವ ತೊಡಕಲ್ಲ. ಇಂತಹ ಶಿಶುವಿಗೆ ಮೊಲೆಯುಣ್ಣುವುದು ಕಷ್ಟವಾಗುವುದು. ಮಲಗಿದಾಗ ನಾಲಗೆ ಹಿಂದಕ್ಕೆ ಜಾರಿ ಉಸಿರು ಕಟ್ಟಬಹುದು. ಮುಂದೆ ಹಲ್ಲುಗಳು ಹೊರಬಾಗಿ ಉಚ್ಚಾರವೂ ಕೆಡಬಹುದು.

ಇದಕ್ಕೆ ಕಾರಣ ಒಂದೇ ಅಲ್ಲವೆಂಬುದನ್ನು ತಾಯ್ತಂದೆಗಳು ಮೊದಲು ಅರಿಯಬೇಕು. ಹುಟ್ಟಿನಿಂದಲೇ ಥೈರಾಯ್ಡ್ ಗ್ರಂಥಿಯ ರಸ ಸಾಲದಿದ್ದರೆ ನಾಲಗೆ ದಪ್ಪನಾಗಬಹುದು. ಮಗು ಮಂಕಾಗಿರುವುದು, ಕಾಮಾಲೆ ಬೇಗ ಇಳಿಯದು, ಮಲಬದ್ಧತೆ ಕಾಡುವುದು. ಇದಕ್ಕೆ ಶಸ್ತ್ರ ಬೇಕಿಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ದಿನವೂ ಥೈರಾಕ್ಸಿನ್ ಕೊಡಬೇಕು. ಆದರೆ ಮೊದಲ ೨ ವಾರಗಳಲ್ಲೇ ತೊಡಗುವುದು ಮುಖ್ಯ. ತಡವಾದಷ್ಟೂ ಬುದ್ಧಿಯ ಬೆಳವಣಿಗೆಗೆ ಆಗುವ ನಷ್ಟ ಮತ್ತೆ ತುಂಬಿಬರುವುದು ದುರ್ಲಭ. ಹುಟ್ಟಿದ ೩ರಿಂದ ೫ನೆಯ ದಿನದೊಳಗೆ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಿಂದಲೇ ಈ ಕೊರತೆಯನ್ನು ಕಂಡುಹಿಡಿಯಬಹುದು.

ಮತ್ತೊಂದು ಕಾರಣವನ್ನು ಅಮೆರಿಕದ ಬೆಕ್‌ವಿತ್ ೧೯೬೩ರಲ್ಲಿಯೂ ಜರ್ಮನಿಯ ವೀಡೆಮನ್ ೧೯೬೪ರಲ್ಲಿಯೂ ವರ್ಣಿಸಿದರು. ಈ ಶಿಶುಗಳು ಸಾಮಾನ್ಯಕ್ಕಿಂತ ದೊಡ್ಡದಾಗಿ ಹುಟ್ಟುವುದುಂಟು. ಹೊಕ್ಕುಳು ಉಬ್ಬಿರಬಹುದು, ರಕ್ತದಲ್ಲಿ ಸಕ್ಕರೆ ತಗ್ಗಬಹುದು. ಮೂತ್ರಪಿಂಡ, ಯಕೃತ್ತುಗಳಲ್ಲಿ ಗಡ್ಡೆ ಹುಟ್ಟುವ ಸಂಭವವಿರುವುದರಿಂದ ಬಾಲ್ಯದಲ್ಲಿ ಆಗಾಗ್ಗೆ ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕಾಗುವುದು.

ಇವರಲ್ಲಿ ಎಲ್ಲರಿಗೂ ಶಸ್ತ್ರಕ್ರಿಯೆ ಬೇಕಾಗದು. ದವಡೆ ಬೆಳೆದಂತೆ ಕೆಲವರ ನಾಲಗೆ ತಾನಾಗಿ ಒಳಗೆ ಹೊಂದಿಕೊಳ್ಳುವುದು. ಉಸಿರಿಗೆ, ಊಟಕ್ಕೆ, ಮಾತಿಗೆ ಅಥವಾ ಹಲ್ಲುಗಳ ಸಾಲಿಗೆ ಅಡ್ಡಿಯಾದಾಗ ಮಾತ್ರ ವೈದ್ಯರು ಅದನ್ನು ಆಲೋಚಿಸುವರು. ಮಗುವಿಗೆ ಅರಿವಳಿಕೆ ಕೊಟ್ಟು, ನಾಲಗೆಯ ತುದಿಯಿಂದ ನಡುಭಾಗದವರೆಗೆ ಬೆಣೆಯಾಕಾರದ ತುಂಡನ್ನು ತೆಗೆದು ಹೊಲಿಯುವುದು ಬಳಕೆಯಲ್ಲಿರುವ ಒಂದು ವಿಧಾನ. ಇಕ್ಕೆಲಗಳಲ್ಲಿ ಹರಿಯುವ ನರಗಳನ್ನೂ ರಕ್ತನಾಳಗಳನ್ನೂ ಕಾಯ್ದುಕೊಳ್ಳುವುದರಿಂದ ರುಚಿಯೂ ಚಲನೆಯೂ ಬಹುಮಟ್ಟಿಗೆ ಉಳಿಯುವುವು. ಅನಂತರ ನಾಲಗೆ ಬಾತುಕೊಳ್ಳುವುದರಿಂದ ಕೆಲವು ಮಕ್ಕಳಿಗೆ ಒಂದೆರಡು ದಿನ ಉಸಿರಿನ ಕೊಳವೆ ಬೇಕಾಗುವುದು. ಆದುದರಿಂದಲೇ ಮಕ್ಕಳ ತೀವ್ರ ಶುಶ್ರೂಷೆಯ ಅನುಕೂಲವುಳ್ಳ ಆಸ್ಪತ್ರೆಯೇ ಇದಕ್ಕೆ ತಕ್ಕ ಸ್ಥಳ.

೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ ೧೮ ವರ್ಷದವರೆಗಿನ ಮಕ್ಕಳ ತಪಾಸಣೆಗೆಂದೇ ಏರ್ಪಟ್ಟಿದೆ. ನೆರೆಯವರ ಮಾತಿಗೆ ನಾಚಿ ಕೂಸನ್ನು ಸೆರಗಿನಲ್ಲಿ ಮರೆಮಾಡದೆ, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ಬೇಗನೆ ತೋರಿಸಬೇಕೆಂದು ನಾವು ತಾಯಂದಿರನ್ನು ಕೇಳಿಕೊಳ್ಳುತ್ತೇವೆ. ಮಲಗಿದ ಮಗು ಉಸಿರಿಗೆ ಒದ್ದಾಡಿದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗುವವರೆಗೂ ಕಾಯದೆ ಆಗಲೇ ಹೊರಡತಕ್ಕದ್ದು.